ಮದರಾಸು ಪರಿಷತ್ತಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿ



1926ರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಪ್ರಾಂತ್ಯದ ಶಾಸನ ಪರಿಷತ್ತಿಗೆ ಸ್ಪರ್ಧಿಸಿ, ಅಲ್ಪ ಮತಗಳ ಅಂತರದಿಂದ ಪರಾಭವಗೊಂಡರು. ಆ ಸಭೆಯನ್ನು ಮೊದಲು ಪ್ರವೇಶಿಸಿದ ಮಹಿಳೆ, ನಾಮನಿರ್ದೇಶನಗೊಂಡ ವೈದ್ಯೆ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು. 1927ರಲ್ಲಿ ಸದಸ್ಯರು ಅವರನ್ನೇ ಉಪಾಧ್ಯಕ್ಷರನ್ನಾಗಿ ಆರಿಸಿದರು.

ಅವರ ತಾಯಿ ದೇವದಾಸಿ ಸಮುದಾಯದವರು. ದೇವಾಲಯದ ಇನಾಂ ಭೂಮಿ ಕೈತಪ್ಪದಿರಲು ಮನೆಯ ಮಗಳೊಬ್ಬಳು ಸೇವೆಗೆ ಸಮರ್ಪಿತಳಾಗಬೇಕಿದ್ದ ಕಾಲವದು. ಮುತ್ತುಲಕ್ಷ್ಮಿಯವರ ಪ್ರಯತ್ನದಿಂದ ಬಂದ 1929ರ ತಿದ್ದುಪಡಿ ಆ ಗಂಟನ್ನು ಬಿಚ್ಚಿತು; ಸೇವೆಯ ಹಂಗಿಲ್ಲದೆ ಭೂಮಿ ಅವರ ಪಾಲಿಗೆ ಉಳಿಯಿತು. ಸಮರ್ಪಣೆಯನ್ನೇ ನಿಷೇಧಿಸುವ ಮಸೂದೆಯನ್ನು 1930ರಲ್ಲಿ ಮಂಡಿಸಿದರು. ಅದೇ ವರ್ಷ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಸ್ಥಾನವನ್ನು ತ್ಯಜಿಸಿದರು.

ಆ ನಿಷೇಧ ಶಾಸನರೂಪ ತಾಳಿದ್ದು 1947ರಲ್ಲಿ. ಮಸೂದೆ ಮಂಡನೆಯಾದ ವರ್ಷ ಜನಿಸಿದ ಹೆಣ್ಣುಕೂಸು ಅಷ್ಟರಲ್ಲಿ ಹದಿನೇಳು ತುಂಬಿದ ಯುವತಿ! ಆ ವಿಳಂಬದ ಬೆಲೆಯನ್ನು ತೆತ್ತವರಾರು?

ಬಂಧುಗಳೇ, ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ಮಹಿಳೆಯರಿಗೆ ಆಸನವಿತ್ತರಷ್ಟೇ ಸಾಲದು. ಅವರು ತರುವ ಠರಾವನ್ನು ಚರ್ಚೆಗೆತ್ತಿಕೊಂಡು, ಆ ಸಮಿತಿಯ ಅವಧಿಯಲ್ಲೇ ತೀರ್ಮಾನಿಸುವುದು ನಮ್ಮ ಹೊಣೆ.