ಕಸಿ ಆದವರಿಗೆ ಕೊರೋನಾ ಬಂದರೆ: ನಿಲ್ಲಿಸಬೇಡಿ, ಸೇರಿಸಬೇಡಿ, ಕೇಳಿ

ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ತಿಳಿವಳಿಕೆ ಉಪನ್ಯಾಸ



ಇಲ್ಲಿ ಕುಳಿತಿರುವವರಲ್ಲಿ ಮೂರು ಬಗೆಯವರು ಇದ್ದೀರಿ. ಕಿಡ್ನಿಯನ್ನೋ ಲಿವರನ್ನೋ ಕಸಿ ಮಾಡಿಸಿಕೊಂಡು ಮನೆಯಲ್ಲಿ ಆರೋಗ್ಯವಾಗಿ ಇರುವವರು ಕೆಲವರು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತ ಕಸಿಗಾಗಿ ಕಾಯುತ್ತಿರುವವರು ಇನ್ನು ಕೆಲವರು. ಇವರನ್ನು ನೋಡಿಕೊಳ್ಳುತ್ತಿರುವ ಬಂಧುಗಳು ಉಳಿದವರು. ಮೂರು ಬಗೆಯವರಿಗೂ ಬೇಕಾದ ಒಂದು ವಿಷಯವನ್ನು ಇವತ್ತು ಹೇಳುತ್ತೇನೆ. ಕಸಿ ಆದವರಿಗೆ ಕೊರೋನಾ ಸೋಂಕು ತಗುಲಿದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಆ ವಿಷಯ.

"ಕೊರೋನಾ ಹೋಯಿತಲ್ಲ ಸಿಸ್ಟರ್, ಈಗ ಅದರ ಮಾತು ಯಾಕೆ?" ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ ತುರ್ತುಪರಿಸ್ಥಿತಿ ಮುಗಿಯಿತೆಂದು ಹೇಳಿದ್ದು 2023ರ ಮೇ 5ರಂದು. ತುರ್ತುಪರಿಸ್ಥಿತಿ ಮುಗಿಯಿತೇ ಹೊರತು ವೈರಸ್ ಹೋಗಲಿಲ್ಲ. 2023ರ ಡಿಸೆಂಬರ್‌ನಲ್ಲಿ, ಮತ್ತೆ 2025ರ ಮೇ ತಿಂಗಳಿನಲ್ಲಿ ನಮ್ಮ ರಾಜ್ಯದಲ್ಲೂ ಪ್ರಕರಣಗಳು ಏರಿದವು. ಹೆಚ್ಚಿನವರಿಗೆ ಈಗ ಅದು ನೆಗಡಿ, ಗಂಟಲು ನೋವು, ಎರಡು ದಿನದ ಜ್ವರದಲ್ಲಿ ಮುಗಿಯುತ್ತದೆ. ಕಸಿ ಆದವರ ವಿಷಯ ಹಾಗಲ್ಲ. ಅವರ ಮಟ್ಟಿಗೆ ಅದನ್ನು ಈಗಲೂ ಸಣ್ಣ ಕಾಯಿಲೆ ಎಂದು ಬಿಡುವಂತಿಲ್ಲ.

ಅವರಿಗೆ ಮಾತ್ರ ಯಾಕೆ ಹೀಗೆ?

ನಮ್ಮ ದೇಹದ ರೋಗನಿರೋಧಕ ಶಕ್ತಿಯನ್ನು ಮನೆ ಕಾಯುವ ನಾಯಿಗೆ ಹೋಲಿಸಬಹುದು. ನಾಯಿಗೆ ಕಳ್ಳನೂ ಹೊಸಬನೇ, ಮದುವೆಯಾಗಿ ಬಂದ ಸೊಸೆಯೂ ಹೊಸಬಳೇ. ಇಬ್ಬರನ್ನೂ ನೋಡಿ ಬೊಗಳುತ್ತದೆ. ಕಸಿ ಮಾಡಿದ ಕಿಡ್ನಿ ಹೆತ್ತ ತಾಯಿಯದೇ ಆಗಿದ್ದರೂ ದೇಹ ಅದನ್ನು ಹೊರಗಿನದು ಎಂದೇ ತಿಳಿದು ಅದರ ಮೇಲೆ ಬೀಳುತ್ತದೆ. ಅದಕ್ಕಾಗಿಯೇ ವೈದ್ಯರು ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಮುಂತಾದ ಮಾತ್ರೆಗಳನ್ನು ಕೊಟ್ಟು ಆ ನಾಯಿಯನ್ನು ಕಟ್ಟಿಹಾಕಿರುತ್ತಾರೆ. ಸೊಸೆ ನೆಮ್ಮದಿಯಾಗಿ ಇರುತ್ತಾಳೆ. ಆದರೆ ಕಳ್ಳ ಬಂದಾಗಲೂ ನಾಯಿ ಕಟ್ಟಿಯೇ ಇರುತ್ತದೆ. ವೈರಸ್ ಒಳಗೆ ಬಂದರೆ ತಡೆಯುವ ಶಕ್ತಿ ಕಡಿಮೆ, ಅದು ದೇಹದಲ್ಲಿ ಉಳಿಯುವ ದಿನಗಳು ಹೆಚ್ಚು.

2020ರಲ್ಲಿ ಇದರ ಪೆಟ್ಟು ಎಷ್ಟು ದೊಡ್ಡದಿತ್ತು ಎಂಬುದು ದಾಖಲೆಯಾಗಿದೆ. ಆ ವರ್ಷದ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ದೇಶದ ಹಲವು ಕಸಿ ಕೇಂದ್ರಗಳ ವೈದ್ಯರು ಸೇರಿ, ಕಿಡ್ನಿ ಕಸಿ ಆಗಿ ಕೊರೋನಾ ಬಂದ 250 ಜನರ ವಿವರವನ್ನು ಒಟ್ಟುಮಾಡಿದರು. ಅವರಲ್ಲಿ 100ಕ್ಕೆ ಸುಮಾರು 12 ಜನ ತೀರಿಕೊಂಡಿದ್ದರು. ಆಗ ಲಸಿಕೆ ಇರಲಿಲ್ಲ. ಈಗ ಲಸಿಕೆ ಬಂದಿದೆ, ವೈರಸ್ಸಿನ ತೀವ್ರತೆಯೂ ತಗ್ಗಿದೆ. ಆದ್ದರಿಂದ ಆ ಸಂಖ್ಯೆ ಕೇಳಿ ಹೆದರಬೇಡಿ. ಬೇರೆಯವರಿಗಿಂತ ನಮಗೆ ಅಪಾಯ ಹೆಚ್ಚು ಎಂಬುದನ್ನು ಮಾತ್ರ ಮರೆಯಬೇಡಿ.

ಮೊದಲನೆಯ ಮಾತು: ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ

ಹೆಚ್ಚು ಜನ ನನ್ನನ್ನು ಕೇಳುವ ಪ್ರಶ್ನೆ ಇದು: "ಸಿಸ್ಟರ್, ಆ ಮಾತ್ರೆಯಿಂದಲೇ ಶಕ್ತಿ ಕಡಿಮೆಯಾಗುತ್ತದೆ ಎಂದಮೇಲೆ, ಜ್ವರ ಇಳಿಯುವವರೆಗೆ ಅದನ್ನು ಬಿಟ್ಟರೆ ಒಳ್ಳೆಯದಲ್ಲವೇ?"

ಕೇಳುವುದಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಮಾತ್ರೆ ಬಿಟ್ಟರೆ ದೇಹ ಕಸಿಯಾದ ಕಿಡ್ನಿಯ ಮೇಲೆ ತಿರುಗಿ ಬೀಳಬಹುದು. ಹಾಗೆ ಹೋದ ಕಿಡ್ನಿ ಮತ್ತೆ ಬಾರದೆಯೂ ಹೋಗಬಹುದು. ಪ್ರೆಡ್ನಿಸೊಲೋನನ್ನು ತಿಂಗಳುಗಟ್ಟಲೆ ನುಂಗಿದವರು ಒಮ್ಮೆಲೇ ಬಿಟ್ಟರೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಸೋಂಕು ಬಂದಾಗ ಕಸಿ ವೈದ್ಯರು ಕೆಲವು ಮಾತ್ರೆಗಳನ್ನು ಕಡಿಮೆ ಮಾಡುವುದು ನಿಜ. ಸಾಮಾನ್ಯವಾಗಿ ಮೈಕೋಫಿನೊಲೇಟನ್ನು ಮೊದಲು ತಗ್ಗಿಸುತ್ತಾರೆ ಅಥವಾ ಕೆಲವು ದಿನ ನಿಲ್ಲಿಸುತ್ತಾರೆ. ಯಾವುದನ್ನು, ಎಷ್ಟು, ಎಷ್ಟು ದಿನ ಎಂಬುದನ್ನು ಅವರು ರೋಗದ ತೀವ್ರತೆ, ರಕ್ತಪರೀಕ್ಷೆ, ಕಸಿ ಆಗಿ ಎಷ್ಟು ಕಾಲವಾಯಿತು ಎಂಬುದನ್ನೆಲ್ಲ ನೋಡಿ ತೀರ್ಮಾನಿಸುತ್ತಾರೆ. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ. ಹಿಂದಿನ ಸಲ ನಿಮಗೇ ಹೇಳಿದ್ದು ಈ ಸಲಕ್ಕೆ ಅನ್ವಯಿಸದೆ ಇರಬಹುದು.

ಮಾತ್ರೆ ತೀರಿಹೋಗಿ ತಾನಾಗಿಯೇ ನಿಲ್ಲುವುದೂ ಉಂಟು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಬಸ್ಸು, ರೈಲು ಎಲ್ಲ ನಿಂತವು. ಬೆಂಗಳೂರಿಗೆ ಬಂದು ಔಷಧಿ ಒಯ್ಯುತ್ತಿದ್ದ ದೂರದ ಊರಿನವರಿಗೆ ಅದು ದೊಡ್ಡ ಕಷ್ಟವಾಯಿತು. ಕಸಿ ಮಾತ್ರೆಗಳು ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಆದ್ದರಿಂದ ಡಬ್ಬಿಯಲ್ಲಿ ಕನಿಷ್ಠ ಎರಡು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತಂದಿಟ್ಟುಕೊಳ್ಳಿ. ಬಂಧುಗಳೇ, ಇದರ ಲೆಕ್ಕ ನಿಮ್ಮದಾಗಿರಲಿ.

ಎರಡನೆಯ ಮಾತು: ನೀವಾಗಿಯೇ ಏನನ್ನೂ ಸೇರಿಸಬೇಡಿ

ನಿಲ್ಲಿಸುವುದು ತಪ್ಪು ಎಂದು ಬಹಳ ಜನರಿಗೆ ಗೊತ್ತು. ಸೇರಿಸುವುದರಿಂದಲೂ ಅಷ್ಟೇ ತೊಂದರೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಕಷಾಯ ಕುದಿಯಿತು. ಅಮೃತಬಳ್ಳಿಯನ್ನು ಜಜ್ಜಿ ಕುಡಿದವರು ಎಷ್ಟೋ ಜನ. ಅಮೃತಬಳ್ಳಿಯಿಂದ ಲಿವರಿಗೆ ತೊಂದರೆಯಾದ ಆರು ರೋಗಿಗಳ ವಿವರವನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಕಸಿ ಆದವರ ಲೆಕ್ಕ ಬೇರೆ. "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಎಂದು ಹೊಗಳುವ ಕಷಾಯ, ಪುಡಿ, ಲೇಹ್ಯ ನಿಜವಾಗಿಯೂ ಆ ಕೆಲಸ ಮಾಡಿದರೆ ಏನಾಗುತ್ತದೆ, ಯೋಚಿಸಿ. ನಾವು ಕಟ್ಟಿಹಾಕಿದ ನಾಯಿಯನ್ನು ನಾವೇ ಬಿಚ್ಚಿದಂತೆ ಆಗುತ್ತದೆ. ಅಡುಗೆಯಲ್ಲಿ ಬಳಸುವ ಮೆಣಸು, ಜೀರಿಗೆ, ಅರಿಸಿನಕ್ಕೆ ತಕರಾರಿಲ್ಲ. ಔಷಧಿಯೆಂದು ಲೋಟಗಟ್ಟಲೆ ಕುಡಿಯುವುದು ಬೇಡ.

ಹಣ್ಣಿನ ವಿಷಯದಲ್ಲೂ ಒಂದು ಎಚ್ಚರ ಬೇಕು. ನಮ್ಮ ದೇವನಹಳ್ಳಿಯ ಚಕ್ಕೋತ ಹೆಸರಾಂತ ಹಣ್ಣು. ಆದರೆ ಚಕ್ಕೋತ ತಿಂದರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣ ಏರಬಹುದು. ಜ್ವರದ ಬಾಯಿಗೆ ಹುಳಿ ಬೇಕೆನಿಸಿದರೂ ಕಸಿ ಆದವರು ಅದನ್ನು ಬಿಡಬೇಕು.

ಇಂಗ್ಲಿಷ್ ಔಷಧಿಗಳಲ್ಲೂ ಎಚ್ಚರ ಬೇಕು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಕಿಡ್ನಿಗೆ ಕೆಡುಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದನ್ನೂ ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಿ. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ. ಕೊರೋನಾಕ್ಕೆಂದೇ ಇರುವ ನಿರ್ಮಾಟ್ರೆಲ್ವಿರ್ ಮತ್ತು ರಿಟೋನಾವಿರ್ ಎಂಬ ಜೋಡಿ ಮಾತ್ರೆ ಬೇರೆಯವರಿಗೆ ಒಳ್ಳೆಯ ಔಷಧಿಯೇ. ಆದರೆ ಅದರಲ್ಲಿರುವ ರಿಟೋನಾವಿರ್, ಟ್ಯಾಕ್ರೋಲಿಮಸ್ ದೇಹದಿಂದ ಹೊರಹೋಗದಂತೆ ತಡೆಯುತ್ತದೆ. ಆಗ ಅದರ ಮಟ್ಟ ಹಲವು ಪಟ್ಟು ಏರಿ ಕೈ ನಡುಕ, ತಲೆನೋವು ಬಂದು, ಉಳಿಸಬೇಕಾದ ಕಿಡ್ನಿಗೇ ಪೆಟ್ಟು ಬೀಳುತ್ತದೆ. ಕಸಿ ವೈದ್ಯರಿಗೆ ಇದು ಗೊತ್ತಿರುತ್ತದೆ. ಅವರು ರೆಮ್‌ಡೆಸಿವಿರ್‌ನಂತಹ ಬೇರೆ ಔಷಧಿ ಆರಿಸಬಹುದು, ಇಲ್ಲವೇ ಟ್ಯಾಕ್ರೋಲಿಮಸನ್ನು ಲೆಕ್ಕಹಾಕಿ ಹೊಂದಿಸಿಕೊಳ್ಳಬಹುದು.

ಅದಕ್ಕಾಗಿ ಯಾವ ವೈದ್ಯರ ಬಳಿಗೆ, ಯಾವ ಔಷಧಿ ಅಂಗಡಿಗೆ ಹೋದರೂ ನಿಮ್ಮ ಮೊದಲ ಮಾತು ಇದಾಗಿರಲಿ: "ನನಗೆ ಕಸಿ ಆಗಿದೆ." ಜ್ವರ, ಕೆಮ್ಮು ಎಂಬುದೆಲ್ಲ ಆಮೇಲೆ. ಮಾತ್ರೆಗಳ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ.

ಮೂರನೆಯ ಮಾತು: ಅದೇ ದಿನ ಕೇಳಿ

ಕಸಿ ಆದವರಿಗೆ ಸೋಂಕು ಬಂದರೂ ಜ್ವರ ಜೋರಾಗಿ ಬಾರದೆ ಇರಬಹುದು. ಜ್ವರ ಬರಿಸುವುದೂ ದೇಹದ ಕಾವಲು ಶಕ್ತಿಯೇ. ಅದು ತಗ್ಗಿರುವಾಗ ಬರಿ ಸುಸ್ತು, ಊಟ ಸೇರದಿರುವುದು, ಭೇದಿ ಇಷ್ಟೇ ಕಾಣಿಸಬಹುದು. ಹೀಗಾದಾಗ ಎರಡು ದಿನ ನೋಡೋಣ ಎಂದು ಕಾಯಬೇಡಿ. ಅದೇ ದಿನ ಕಸಿ ಕೇಂದ್ರಕ್ಕೆ ಫೋನ್ ಮಾಡಿ, ಪರೀಕ್ಷೆ ಮಾಡಿಸಿ. ಕೊರೋನಾ ಔಷಧಿಗಳು ಮೊದಲ ಕೆಲವೇ ದಿನಗಳಲ್ಲಿ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತವೆ.

ಭೇದಿಯನ್ನು ಹಗುರವಾಗಿ ಕಾಣಬೇಡಿ. ಭೇದಿಯಾದರೆ ದೇಹದಲ್ಲಿ ನೀರು ಕಡಿಮೆಯಾಗುತ್ತದೆ, ಟ್ಯಾಕ್ರೋಲಿಮಸ್ ಮಟ್ಟ ಏರುತ್ತದೆ. ಎರಡೂ ಸೇರಿ ಕಿಡ್ನಿಯನ್ನು ಬಳಲಿಸುತ್ತವೆ. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ವಾಂತಿಯಾದರೆ ಮತ್ತೊಂದು ನುಂಗಬೇಕೋ ಬೇಡವೋ ಎಂದು ಫೋನಿನಲ್ಲಿ ಕೇಳಿ. ಟ್ಯಾಕ್ರೋಲಿಮಸ್ ರಕ್ತಪರೀಕ್ಷೆಗೆ ಹೋಗುವ ಬೆಳಿಗ್ಗೆ ಆ ಮಾತ್ರೆ ನುಂಗದೆ ಹೋಗಿ. ಮಾತ್ರೆ ಜೊತೆಯಲ್ಲಿರಲಿ, ರಕ್ತ ಕೊಟ್ಟ ಮೇಲೆ ನುಂಗಿ.

ಬಂಧುಗಳು ನಾಲ್ಕು ಅಂಶಗಳನ್ನು ಒಂದು ಪುಸ್ತಕದಲ್ಲಿ ದಿನಕ್ಕೆರಡು ಬಾರಿ ಬರೆದಿಡಿ: ಜ್ವರ, ಬೆರಳಿಗೆ ಹಾಕುವ ಆಕ್ಸಿಮೀಟರ್ ತೋರಿಸುವ ಆಮ್ಲಜನಕ, ರಕ್ತದ ಒತ್ತಡ, ಮೂತ್ರದ ಪ್ರಮಾಣ. ಆಮ್ಲಜನಕ 94ಕ್ಕಿಂತ ಕೆಳಗೆ ಬಂದರೆ, ಉಸಿರಾಟ ಕಷ್ಟವಾದರೆ, ಮಾತು ತಡವರಿಸಿದರೆ, ಮೂತ್ರ ತೀರ ಕಡಿಮೆಯಾದರೆ ರಾತ್ರಿ ಹಗಲು ನೋಡದೆ ಆಸ್ಪತ್ರೆಗೆ ಕರೆತನ್ನಿ. ಆ್ಯಂಬುಲೆನ್ಸಿಗೆ 108.

ಲಸಿಕೆ: ರೋಗಿಗೂ ಬೇಕು, ಮನೆಯವರಿಗೂ ಬೇಕು

ನಮ್ಮ ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ಮಾರ್ಚ್ 1ರಿಂದ 45 ದಾಟಿದ, ಬೇರೆ ಕಾಯಿಲೆ ಇರುವವರಿಗೆ ಕೊಡಲು ಆರಂಭಿಸಿದಾಗ ಕಿಡ್ನಿ, ಲಿವರ್ ಕಸಿ ಆದವರನ್ನೂ ಕಸಿಗೆ ಕಾಯುವವರನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದರು. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರಲ್ಲೂ ದೇಹದೊಳಗೆ ಬೆಳೆಯುವ ಜೀವಂತ ವೈರಸ್ ಇಲ್ಲ.

ಆದರೆ ಕಸಿ ಆದವರಲ್ಲಿ ಲಸಿಕೆಯ ಫಲ ಬೇರೆಯವರಲ್ಲಿ ಇದ್ದಷ್ಟು ಇರುವುದಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು 2021ರಲ್ಲಿ 658 ಮಂದಿ ಕಸಿ ಆದವರನ್ನು ಪರೀಕ್ಷಿಸಿದಾಗ, ಎರಡು ಡೋಸ್ ಆದಮೇಲೂ 100ಕ್ಕೆ 54 ಜನರಲ್ಲಿ ಮಾತ್ರ ಪ್ರತಿಕಾಯ ಕಂಡಿತು. ಫ್ರಾನ್ಸಿನಲ್ಲಿ 101 ಜನರಿಗೆ ಮೂರನೆಯ ಡೋಸ್ ಕೊಟ್ಟಾಗ ಆ ಪ್ರಮಾಣ 100ಕ್ಕೆ 40ರಿಂದ 68ಕ್ಕೆ ಏರಿತು. ಇದರಿಂದ ನಾವು ತಿಳಿಯಬೇಕಾದದ್ದು ಮೂರು.

ಒಂದು, ಕಸಿ ಆದವರಿಗೆ ಹೆಚ್ಚಿನ ಡೋಸ್ ಬೇಕಾಗಬಹುದು. ಎರಡು ಸಾಕೆಂದು ಸುಮ್ಮನಿರದೆ ನಿಮ್ಮ ವೈದ್ಯರನ್ನು ಕೇಳಿ. ಹೊಸದಾಗಿ ಕಸಿ ಆದವರಿಗೆ ಒಂದರಿಂದ ಮೂರು ತಿಂಗಳು ಕಾಯಲು ಹೇಳಬಹುದು.

ಎರಡು, ಕಸಿಗೆ ಕಾಯುತ್ತಿರುವವರೇ, ನಿಮಗೆ ಲಸಿಕೆಯ ಒಳ್ಳೆಯ ಸಮಯ ಈಗಲೇ. ಕಸಿ ಮಾತ್ರೆಗಳು ಶುರುವಾಗುವ ಮುಂಚೆ ದೇಹ ಲಸಿಕೆಯನ್ನು ಚೆನ್ನಾಗಿ ಸ್ವೀಕರಿಸುತ್ತದೆ.

ಮೂರು, ಕಾವಲು ನಾಯಿಯನ್ನು ಕಟ್ಟಿದ ಮನೆಗೆ ಗಟ್ಟಿ ಬೇಲಿ ಬೇಕು. ಆ ಬೇಲಿ ಮನೆಯವರೇ. ಹೆಂಡತಿ, ಮಕ್ಕಳು, ಸೊಸೆ, ಅಳಿಯ ಎಲ್ಲರೂ ತಮಗೆ ಬೇಕಾದ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬೇಕು. ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಅವರು ಮಾಸ್ಕ್ ಹಾಕಿಕೊಂಡು ಬೇರೆ ಕೋಣೆಯಲ್ಲಿ ಮಲಗಲಿ. ಒಂದೇ ಕೋಣೆಯ ಮನೆಯಾದರೆ ಕಿಟಕಿ ಬಾಗಿಲು ತೆರೆದಿಟ್ಟು, ಇಬ್ಬರೂ ಮಾಸ್ಕ್ ಹಾಕಿ, ಮಲಗುವಾಗ ಆದಷ್ಟು ದೂರವಿರಿ.

ಕೆ.ಆರ್. ಮಾರುಕಟ್ಟೆಯ ನೂಕುನುಗ್ಗಲು, ಬಸವನಗುಡಿಯ ಕಡಲೆಕಾಯಿ ಪರಿಷೆ, ಮದುವೆಮನೆಯ ಊಟದ ಪಂಕ್ತಿ ಇವೆಲ್ಲ ನಮ್ಮ ಬದುಕಿನಲ್ಲಿ ಇದ್ದೇ ಇರುತ್ತವೆ. ಕಸಿ ಆದವರು ಜೀವನಪೂರ್ತಿ ಬಾಗಿಲು ಹಾಕಿಕೊಂಡು ಕೂರಬೇಕೆಂದು ನಾನು ಹೇಳುವುದಿಲ್ಲ. ಮೊದಲ ಕೆಲವು ತಿಂಗಳು ಜನಸಂದಣಿ ಬೇಡವೇ ಬೇಡ. ಆಮೇಲೆ ಹೋಗುವುದಾದರೆ ಜನ ಕಡಿಮೆ ಇರುವ ಹೊತ್ತಿಗೆ ಮಾಸ್ಕ್ ಹಾಕಿಕೊಂಡು ಹೋಗಿ ಬೇಗ ಬನ್ನಿ. "ಈಗ ಯಾಕೆ ಮಾಸ್ಕು?" ಎಂದು ಯಾರಾದರೂ ನಕ್ಕರೆ ನಗಲಿ ಬಿಡಿ.

ಈ ಕಿಡ್ನಿ ಎಲ್ಲಿಂದ ಬಂತು?

2020ರಲ್ಲಿ ನಮ್ಮ ನೆರೆಯ ವಿಕ್ಟೋರಿಯಾ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು. ಅದೇ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ ಕಿಡ್ನಿ ರೋಗಿಗಳು ಬರುತ್ತಾರೆ. ಆ ಲಾಕ್‌ಡೌನ್ ದಿನಗಳಲ್ಲಿ ದೇಶದಲ್ಲಿ ಕಸಿ ಶಸ್ತ್ರಚಿಕಿತ್ಸೆಗಳು ಬಹುಮಟ್ಟಿಗೆ ನಿಂತಿದ್ದವು. ಮುಂದೆ 2021ರ ಜೂನ್‌ನಲ್ಲಿ, ಎರಡನೆಯ ಅಲೆ ಪೂರ್ತಿ ಇಳಿಯುವ ಮೊದಲೇ, ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಮನೆಯವರು ಅಂಗಾಂಗ ದಾನ ಮಾಡಿದರು. ಅಂತಹ ದುಃಖದಲ್ಲೂ ಒಂದು ಕುಟುಂಬ ಯಾರೋ ಬದುಕಲಿ ಎಂದು ಒಪ್ಪಿಗೆ ಕೊಟ್ಟಿತು. ರಾಜ್ಯದಲ್ಲಿ ಇಂತಹ ದಾನಗಳನ್ನು ಜೀವಸಾರ್ಥಕತೆ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅಲ್ಲಿ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುವವರಿದ್ದಾರೆ.

ನಿಮ್ಮೊಳಗೆ ಕೆಲಸ ಮಾಡುತ್ತಿರುವ ಅಂಗ ಹೀಗೆ ಅಪರಿಚಿತರು ಕೊಟ್ಟದ್ದಿರಬಹುದು, ಇಲ್ಲವೇ ನಿಮ್ಮ ತಾಯಿಯೋ ಅಕ್ಕನೋ ಹೆಂಡತಿಯೋ ತಮ್ಮ ದೇಹದಿಂದ ತೆಗೆದುಕೊಟ್ಟದ್ದಿರಬಹುದು. ಎರಡು ದಿನದ ಜ್ವರದಲ್ಲಿ, ಯಾರೋ ಹೇಳಿದರೆಂದು ಒಂದು ಮಾತ್ರೆ ಬಿಟ್ಟು ಅಥವಾ ಒಂದು ಕಷಾಯ ಕುಡಿದು ಅದನ್ನು ಕಳೆದುಕೊಳ್ಳಬಾರದು.

ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರಿನ ಪಕ್ಕ ಮೂರು ಸಾಲು ಬರೆದು ಅಂಟಿಸಿ:

1. ಕಸಿ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸುವುದಿಲ್ಲ.
2. ಬೇರೆ ಮಾತ್ರೆ, ಕಷಾಯ, ಪುಡಿಯನ್ನು ನಾವಾಗಿಯೇ ಸೇರಿಸುವುದಿಲ್ಲ.
3. ಮೈ ಸರಿಯಿಲ್ಲ ಎನಿಸಿದ ದಿನವೇ ಕಸಿ ಕೇಂದ್ರಕ್ಕೆ ಫೋನ್ ಮಾಡುತ್ತೇವೆ.

ಅದರ ಕೆಳಗೆ ಕಸಿ ಕೇಂದ್ರದ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಓದಿ ಹೇಳಿ. ಮುಂದಿನ ಸಲ ಇಲ್ಲಿಗೆ ಬರುವಾಗ ನಿಮ್ಮ ಮಾತ್ರೆ ಡಬ್ಬಿಯನ್ನು ತಪ್ಪದೆ ತನ್ನಿ, ಒಂದೊಂದನ್ನೇ ತೆಗೆದು ಒಟ್ಟಿಗೆ ನೋಡೋಣ. ಈಗ ನಿಮ್ಮ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ.