ಹೊಸ ಸಂಸಾರಕ್ಕೆ ಜೇನುಪೆಟ್ಟಿಗೆ



ಸಿರುಗುಪ್ಪದ ಸೀಮೆಯ ಹಚ್ಚೊಳ್ಳಿಯಂತಹ ಊರುಗಳಲ್ಲಿ ಜೇನುಸಾಕಣೆಯ ಮಾತೆತ್ತಿದರೆ, ಅದು ಕೊಡಗಿನವರ ಕಸುಬಲ್ಲವೆ ಎನ್ನುವವರುಂಟು. ನಾವು ಹಾಗೆ ಭಾವಿಸುವುದಿಲ್ಲ. ನೆಲ್ಲಿನ ಗದ್ದೆಯಲ್ಲಿ ಜೇನಿಗೆ ಮಕರಂದ ದೊರೆಯದೆಂಬುದು ದಿಟ. ಆದರೆ ಆ ಸೀಮೆಯಲ್ಲಿ ಸೂರ್ಯಕಾಂತಿಯ ಹೊಲಗಳುಂಟು, ವಸಂತದಲ್ಲಿ ಹೊಂಗೆ ಬೇವುಗಳು ಹೂವೇರುತ್ತವೆ. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ಚೆನ್ನಾಗಿ ತುಂಬುವುದಕ್ಕೂ ಈ ಹುಳುವೇ ಬೇಕು.

ಹೂವಿನ ಸುಗ್ಗಿಯಲ್ಲಿ ತುಡುವೆಯ ಕುಟುಂಬವು ಬೆಳೆದು ಇಬ್ಭಾಗವಾಗುತ್ತದೆ. ಹಳೆಯ ರಾಣಿಯು ಮನೆಯನ್ನು ಮಗಳಿಗೆ ಬಿಟ್ಟು, ಒಂದು ಪಾಲು ಹುಳುಗಳೊಡನೆ ಹೊರಡುತ್ತಾಳೆ. (ನಮ್ಮ ಮನೆಗಳಲ್ಲಿ ಹೊರಡುವವಳು ಮಗಳು.) ಆ ಹಿಂಡು ಕೊಂಬೆಯಲ್ಲಿ ತಂಗಿದ ಮೇಲೆ ನಾವು ಪೆಟ್ಟಿಗೆಯನ್ನು ಹುಡುಕಹೊರಟರೆ ಅದು ಕಾದಿರುವುದಿಲ್ಲ.

ಆದಕಾರಣ ಪೆಟ್ಟಿಗೆಯನ್ನು ಮುಂಚಿತವಾಗಿಯೇ ಅಣಿಮಾಡತಕ್ಕದ್ದು. ತುಡುವೆಗೆ ನ್ಯೂಟನ್ ಪಾದ್ರಿಯವರು ರೂಪಿಸಿದ ಚಿಕ್ಕ ಪೆಟ್ಟಿಗೆ ಸಾಕು. ಹಳೆಯದಾದರೆ ಮೇಣದ ಪತಂಗದ ಬಲೆಯನ್ನೂ ಮೊಟ್ಟೆಗಳನ್ನೂ ಕೆರೆದು, ಒಳಮೈಗೆ ಜ್ವಾಲೆಯನ್ನು ಸೋಕಿಸಬೇಕು. ಬಳಿಕ ತುಸು ಜೇನುಮೇಣವನ್ನು ಉಜ್ಜಿದರೆ ಹುಳುಗಳಿಗೆ ಪರಿಚಿತವಾದ ವಾಸನೆ ಬರುತ್ತದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿತು. ಆದುದರಿಂದ ರೋಗದಿಂದ ಸತ್ತ ಕುಟುಂಬದ ಎರಿಗಳನ್ನು, ಎಷ್ಟೇ ಚೆನ್ನಾಗಿ ಕಂಡರೂ, ಮರಳಿ ಬಳಸಕೂಡದು.

ಬಳ್ಳಾರಿಯ ಬಿಸಿಲಿನಲ್ಲಿ ಎರಿಯೇ ಕರಗಿ ಜಾರೀತು! ಬೇವಿನ ದಟ್ಟ ನೆರಳು, ಸನಿಹದಲ್ಲಿ ನೀರು, ಇರುವೆಯೇರದಂತೆ ಪೀಠದ ಕಾಲುಗಳ ಕೆಳಗೆ ನೀರಿನ ಬಟ್ಟಲು, ಇವು ಅವಶ್ಯ.

ಇಷ್ಟಾಗಿಯೂ, ನೆರೆಯ ರೈತರು ಹೂಬಿಟ್ಟ ಬೆಳೆಗೆ ಹಗಲಿನಲ್ಲಿ ಕೀಟನಾಶಕವನ್ನು ಸಿಂಪಡಿಸಿದರೆ ಎಲ್ಲವೂ ವ್ಯರ್ಥ. ಪೆಟ್ಟಿಗೆಯನ್ನಿಡುವ ಮುನ್ನ ಅವರ ಮನೆಗೆ ಹೋಗಿ, ಔಷಧ ಹೊಡೆಯಲೇಬೇಕಾದಲ್ಲಿ ಹುಳುಗಳು ಗೂಡು ಸೇರಿದ ಮೇಲೆ ಸಂಜೆಯಲ್ಲಿ ಹೊಡೆಯಿರೆಂದು ಕೇಳಿಕೊಳ್ಳಬೇಕು.