ತೇಪೆಯೋ, ಹೊಸ ಟಾಯರೋ?

(ತೋಟದ ಕೂಲಿ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಇಂದು ನಾವು ಗಾಡಿಯ ಟಾಯರಿನ ವಿಷಯ ಮಾತಾಡಲು ನಿಂತಿದ್ದೇವೆ. ನಗಬೇಡಿರಿ. ಜತ್ತ ತಾಲೂಕಿನ ತೋಟಗಳಲ್ಲಿ ದುಡಿಯುವ ನಮ್ಮಂಥವರಿಗೆ ಮೋಟಾರ್ ಸೈಕಲ್ಲೇ ಬಸ್ಸು, ರಾತ್ರಿ ಹೊತ್ತು ಅದೇ ದವಾಖಾನೆಯ ಗಾಡಿ.

ಕಳೆದ ಅಕ್ಟೋಬರ್ ಚಾಟ್ನಿಯಲ್ಲಿ ಸಂಖದ ಕಡೆ ದ್ರಾಕ್ಷಿ ತೋಟದ ಕೆಲಸ ಮುಗಿಸಿ ನಾವು ಗಂಡಹೆಂಡಿರು ಬರುತ್ತಿದ್ದೆವು. ಮುಂದಿನ ಗಾಲಿ ಚೂಪು ಕಲ್ಲಿಗೆ ಸಿಕ್ಕಿ ಬಗಲಲ್ಲಿ ಬೆರಳುದ್ದ ಸೀಳಿತು. ಗಾಡಿ ನೂಕಿಕೊಂಡು ಪಂಚರ್ ಅಂಗಡಿಗೆ ಹೋದೆವು. ಕಿಸೆಯಲ್ಲಿದ್ದದ್ದು ಮಗಳ ಹಾಸ್ಟೆಲಿಗೆ ಕಟ್ಟುವ ಹಣ. ಹೊಸ ಟಾಯರೆಂದರೆ ನಾಲ್ಕೈದು ದಿನದ ಕೂಲಿ. ಒಳಗೆ ಹಳೇ ಟಾಯರಿನ ತುಂಡು ಇಟ್ಟು ಸಾಗಿಸಿಕೊಡಪ್ಪಾ ಎಂದು ಕೇಳಿದೆವು.

ಅಂಗಡಿಯ ಮುದುಕ ಸೀಳಿನಲ್ಲಿ ಬೆರಳಿಟ್ಟು ನೋಡಿದ. "ಅಣ್ಣಾ, ನೂಲು ಹರದೈತಿ. ಹಿಂದಿನ ಗಾಲಿ ಒಡದ್ರ ಗಾಡಿ ತೂಗ್ಯಾಡತೈತಿ, ಹೆಂಗರ ನಿಲ್ಲಸಬಹುದು. ಮುಂದಿಂದು ಒಡದ್ರ ಹ್ಯಾಂಡಲ್ ಕೈಯಾಗ ಇರೂದಿಲ್ಲ. ಹಿಂದ ಅಕ್ಕಾರು ಕೂಡತಾರ, ನೋಡ್ರಿ," ಎಂದ.

ಅವನು ಹೇಳಿದ್ದು ಸರಿ. ಒಳಗಿನ ಗಾಳಿಯನ್ನು ಬಿಗಿಹಿಡಿಯುವುದು ರಬ್ಬರಿನೊಳಗಿನ ನೂಲು. ಟಾಯರಿನ ಬಗಲು ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ. ಅಲ್ಲಿ ಯಾವ ತೇಪೆಯೂ ನಿಲ್ಲದು. ಬಗಲು ಸೀಳಿದರೆ, ಉಬ್ಬಿದರೆ, ನೂಲು ಕಂಡರೆ ಆ ಟಾಯರು ಮುಗಿಯಿತು. ನೆಲಕ್ಕೆ ತಾಗುವ ಭಾಗದಲ್ಲಿ ಜಾಲಿ ಮುಳ್ಳು ಚುಚ್ಚಿದರೆ ಮಾತ್ರ ಹೆದರಬೇಕಿಲ್ಲ, ಟ್ಯೂಬಿಗೆ ತೇಪೆ ಸಾಕು. ಆದರೆ ಟಾಯರಿನ ಒಳಗೆ ಕೈಯಾಡಿಸಿ ಮುರಿದ ಮುಳ್ಳು ತೆಗೆಸಿರಿ. ಇಲ್ಲವಾದರೆ ಊರು ಮುಟ್ಟುವ ಮೊದಲೇ ಮತ್ತೆ ಪಂಚರ್.

ಸವೆತವನ್ನೂ ನೋಡಿರಿ. ಗೆರೆಗಳ ತಳದಲ್ಲಿ ಚಿಕ್ಕ ರಬ್ಬರ್ ದಿಂಡುಗಳಿರುತ್ತವೆ. ಮೇಲಿನ ರಬ್ಬರು ಅವುಗಳ ಸಮಕ್ಕೆ ಬಂದರೆ ಮಳೆಯಲ್ಲಿ ಹಿಡಿತವಿಲ್ಲ. ಬಗಲಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ: 3521 ಎಂದರೆ 2021ರ 35ನೇ ವಾರ ತಯಾರಾದದ್ದು. ನಮ್ಮ ಬಿಸಿಲಿಗೆ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ, ಗೆರೆ ಉಳಿದಿದ್ದರೂ ಸರಿಯೇ. ಹಿಂದೊಮ್ಮೆ ನಾವು ಅಗ್ಗವೆಂದು ಕೊಂಡ ಟಾಯರು ಹಳೆಯದಕ್ಕೇ ಗೆರೆ ಕೊರೆದು ಕಪ್ಪು ಬಳಿದದ್ದಾಗಿತ್ತು. ಅಂಕಿ ಓದಲು ಆಗ ಬರುತ್ತಿರಲಿಲ್ಲ.

ಹಳೇ ಬಟ್ಟೆಗೆ ಹೊಸ ತೇಪೆ ಹಾಕುವ ಮಾತನ್ನು ಕರ್ತನು ಹೇಳಿದ್ದು ಮತ್ತಾಯನ 9ನೇ ಅಧ್ಯಾಯದಲ್ಲಿದೆ. ಟಾಯರಿಗಾಗಿ ಹೇಳಿದ್ದಲ್ಲ, ಬಲ್ಲೆವು. ಆದರೂ ಆ ದಿನ ಅಂಗಡಿಯ ಬೆಂಚಿನ ಮೇಲೆ ಕುಳಿತವರಿಗೆ ಅದೇ ನೆನಪಾಯಿತು.

ಹೊಸದನ್ನೇ ಹಾಕಿಸಿದೆವು, ಟ್ಯೂಬ್ ಸಮೇತ. ಹಾಸ್ಟೆಲಿನ ಹಣ ಎರಡು ವಾರ ತಡವಾಯಿತು; ಮಗಳು ನಾಲ್ಕು ಮಾತು ಕೇಳಬೇಕಾಯಿತು. ಅದು ಇನ್ನೂ ನಮ್ಮ ಮನಸ್ಸಿನಲ್ಲಿದೆ.

ಆದಕಾರಣ ಕೂಟದ ಪೆಟ್ಟಿಗೆಯಿಂದ ಮುಂದಿನ ಟಾಯರಿಗೆ ಕೈಗಡ ಕೊಡೋಣ, ನಾಲ್ಕು ವಾರದಲ್ಲಿ ತಿರುಗಿ ಕಟ್ಟಲಿ ಎಂದು ಕೇಳುತ್ತೇವೆ. ಹಿರಿಯರು ಇಂದೇ ತೀರ್ಮಾನಿಸಲಿ. ಗಾಡಿಗಳೆಲ್ಲ ಹೊರಗೆ ಅಂಗಳದಲ್ಲೇ ನಿಂತಿವೆ. ಚಹಾ ಆದಮೇಲೆ ಒಂದೊಂದಾಗಿ ನೋಡೋಣ ಬನ್ನಿರಿ.